ಉಸಿರಿನ ಜಮಾ-ಖರ್ಚು

೨೦೨೦ರ ಮಾರ್ಚ್ ೯ರಂದು ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಪುಣೆಯಲ್ಲಿ ಪತ್ತೆಯಾದರು. ಆ ಬಳಿಕ ಆಕ್ಸಿಮೀಟರು ಅನೇಕ ಮನೆಗಳನ್ನು ಹೊಕ್ಕಿತು. ಒಳ್ಳೆಯದೇ ಆಯಿತು; ಆದರೆ ಅದು ತೋರಿಸುವುದು ರಕ್ತಕ್ಕೆ ಜಮೆಯಾದ ಆಮ್ಲಜನಕವನ್ನು ಮಾತ್ರ. ಹೊರಹೋಗದೆ ಉಳಿದ ಇಂಗಾಲದ ಡೈಆಕ್ಸೈಡು ಅದರ ಲೆಕ್ಕಕ್ಕೆ ಬಾರದು.

ಇವೆರಡರಲ್ಲಿ ಯಾವುದು ತೀರ ಹದಗೆಟ್ಟರೂ ಶ್ವಾಸವೈಫಲ್ಯವೇ. ಆಮ್ಲಜನಕ ಕುಂದಿದಾಗ ಸಾಮಾನ್ಯವಾಗಿ ಏದುಸಿರು ಬರುತ್ತದೆ. ನಿಮಿಷಕ್ಕೆ ೧೨ರಿಂದ ೨೦ರಷ್ಟಿರಬೇಕಾದ ಉಸಿರು ೩೦ನ್ನೂ ಮೀರಬಹುದು, ತುಟಿ ನೀಲಿಗಟ್ಟಬಹುದು. ಎರಡನೆಯದು ಹೆಚ್ಚು ಮೋಸದ್ದು. ವರ್ಷಗಟ್ಟಲೆ ಬೀಡಿಯ ಅಥವಾ ಒಲೆಯ ಹೊಗೆಯಿಂದ ಶ್ವಾಸಕೋಶ ಕೆಟ್ಟ ಹಿರಿಯರಿಗೆ ಚಳಿಗಾಲದಲ್ಲಿ ಕಫ ಹೆಚ್ಚಿ, ಬೆಳಗಿನ ತಲೆನೋವು, ಅಸಂಬದ್ಧ ಮಾತು, ತೂಕಡಿಕೆ ತೋರಿದರೆ, 'ಅಜ್ಜ ಹಾಯಾಗಿ ಮಲಗಿದ್ದಾರೆ' ಎಂದು ಮನೆಯವರು ಸಮಾಧಾನಪಡುವುದುಂಟು. ಅದು ವಿಶ್ರಾಂತಿಯ ನಿದ್ದೆಯಲ್ಲ.

ಇಂಥವರಿಗೆ ಮನೆಯ ಆಮ್ಲಜನಕವನ್ನು ತಾವಾಗಿಯೇ ಏರಿಸುವುದು ಅಪಾಯಕರ. ವೈದ್ಯರು ಸಾಮಾನ್ಯವಾಗಿ ಶೇಕಡಾ ೮೮ರಿಂದ ೯೨ರ ಮಟ್ಟವನ್ನೇ ಗುರಿಯಾಗಿಡುತ್ತಾರೆ. ಹಾಗೆಂದು ನಿಲ್ಲಿಸಲೂ ಬಾರದು. ನಿದ್ರೆಯ ಮಾತ್ರೆಯಂತೂ ಕೂಡದು. ಎಚ್ಚರವಿದ್ದರೆ ಒರಗಿಸಿ ಕುಳ್ಳಿರಿಸಿ, ೧೦೮ಕ್ಕೆ ಕರೆಮಾಡಿ, ಹಳೆಯ ಚೀಟಿಗಳೊಡನೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಅಪಧಮನಿಯ ರಕ್ತವನ್ನು ಪರೀಕ್ಷಿಸಿ ಎರಡೂ ಬದಿಯ ಲೆಕ್ಕ ನೋಡುತ್ತಾರೆ. ಅವಶ್ಯವೆನಿಸಿದರೆ ಮುಖಕ್ಕೆ ಬಿಗಿಯಾದ ಮಾಸ್ಕು ತೊಡಿಸಿ, ಯಂತ್ರದಿಂದ ಉಸಿರಾಟಕ್ಕೆ ನೆರವಾಗುತ್ತಾರೆ.