ದೂರು ನಿರ್ವಹಣಾ ತಂತ್ರಾಂಶದಲ್ಲಿ ಸ್ವಯಂಚಾಲಿತ ಕಾಲಮಿತಿ: ಸದಸ್ಯರು ತಿಳಿಯಬೇಕಾದ ಅಂಶಗಳು



ಕೊಳವೆಬಾವಿಯ ಮೋಟಾರು ಸುಟ್ಟಿದೆಯೆಂಬ ದೂರು ದಾಖಲಾದ ಮಾತ್ರಕ್ಕೆ ಮನೆಯ ಕೊಡ ತುಂಬುವುದಿಲ್ಲ. ಯಾರು, ಯಾವಾಗಿನೊಳಗೆ ಸರಿಪಡಿಸಬೇಕೆಂಬುದು ನಿಶ್ಚಯವಾಗದ ದೂರು, ದೂರುದಾರರು ದಣಿದು ಸುಮ್ಮನಾಗುವವರೆಗೂ ಬಾಕಿ ಉಳಿಯುತ್ತದೆ. ದೂರು ನಿರ್ವಹಣಾ ತಂತ್ರಾಂಶದಲ್ಲಿ ಸಂಖ್ಯೆಯೊಂದಿಗೆ ದಾಖಲಾಗುವ ಪ್ರತಿ ದೂರನ್ನೂ ಟಿಕೆಟ್ ಎನ್ನುತ್ತಾರೆ. ಮೊದಲೇ ನೀಡಿದ ನಿಯಮದಂತೆ ಆ ಟಿಕೆಟ್‌ಗೆ ತಂತ್ರಾಂಶವೇ ಗಡುವನ್ನು ಬರೆಯುವುದು ಸ್ವಯಂಚಾಲಿತ ಕಾಲಮಿತಿ. ಲೆಕ್ಕ ಹಾಕುವುದು ಯಂತ್ರದ ಕೆಲಸ. ನಿಯಮ ಹೇಗಿರಬೇಕೆಂದು ಚರ್ಚಿಸಿ ನಿರ್ಣಯಿಸುವುದು ಸಭೆಯ ಹೊಣೆ.

ಸಕಾಲದ ಪಾಠ

ಗಡುವಿನ ಕಲ್ಪನೆ ನಮಗೆ ಹೊಸತಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿ ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ಅಧಿಸೂಚಿತ ಸೇವೆಯು ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೋರಲು ಅವಕಾಶವಿದೆ. ದುರಸ್ತಿಯ ದೂರುಗಳು ಇದಕ್ಕಿಂತ ಭಿನ್ನ. ಆದರೂ ಸಂಖ್ಯೆ, ಗಡುವು, ಮೇಲ್ಮನವಿ ಎಂಬ ಮೂರು ಅಂಶಗಳನ್ನು ಇಲ್ಲಿಂದ ಕಲಿಯಬಹುದು.

ನಿಯಮ ರೂಪಿಸುವ ಕ್ರಮ

1. ದೂರುಗಳನ್ನು ತುರ್ತಿಗೆ ಅನುಗುಣವಾಗಿ ವಿಂಗಡಿಸಬೇಕು. ಕುಡಿಯುವ ನೀರು, ತುಂಡಾಗಿ ಬಿದ್ದ ವಿದ್ಯುತ್ ತಂತಿ, ಬೀದಿದೀಪ, ಚರಂಡಿಯ ಹೂಳು ಇವೆಲ್ಲಕ್ಕೂ ಒಂದೇ ಗಡುವು ಸಲ್ಲದು. ವಿದ್ಯುತ್ ತಂತಿಯ ದೂರನ್ನು ಗಡುವಿಗೆ ಕಾಯದೆ ಸಂಬಂಧಿಸಿದ ಸಂಸ್ಥೆಗೆ ಕೂಡಲೇ ತಿಳಿಸಬೇಕು.

2. ಗಡಿಯಾರ ಯಾವುದೆಂದು ನಿರ್ಧರಿಸಬೇಕು. ತಂತ್ರಾಂಶವು ಕಚೇರಿ ವೇಳೆಯನ್ನಷ್ಟೇ ಎಣಿಸಬಲ್ಲದು, ಹಗಲಿರುಳನ್ನೂ ಎಣಿಸಬಲ್ಲದು. ಉದಾಹರಣೆಗೆ, ಎರಡನೇ ಶನಿವಾರದ ಹಿಂದಿನ ದಿನ ಸಂಜೆ 4.30ಕ್ಕೆ ನೀರಿನ ದೂರು ಬಂದಿತೆನ್ನೋಣ. ಕಚೇರಿ ವೇಳೆ ಬೆಳಿಗ್ಗೆ 10ರಿಂದ ಸಂಜೆ 5.30 ಎಂದು ನಮೂದಿಸಿ, 8 ಗಂಟೆಗಳ ಗಡುವು ಇಟ್ಟರೆ, ಅದು ಮುಗಿಯುವುದು ಸೋಮವಾರ ಸಂಜೆ 5ಕ್ಕೆ. ಹಗಲಿರುಳೆಣಿಸಿ 24 ಗಂಟೆ ಇಟ್ಟರೆ ಶನಿವಾರ ಸಂಜೆ 4.30ಕ್ಕೇ ಮುಗಿಯುತ್ತದೆ. ಕಾಗದದ ಮೇಲೆ 8 ಗಂಟೆ ಚಿಕ್ಕದಾಗಿ ತೋರಿದರೂ ಊರಿಗೆ ಅದು ಮೂರು ದಿನಗಳ ಬಾಯಾರಿಕೆ. ಬಾಯಾರಿಕೆಗೆ ರಜಾದಿನವಿಲ್ಲ.

3. ಗಡಿಯಾರ ನಿಲ್ಲುವ ಕಾರಣಗಳನ್ನು ಮಿತಗೊಳಿಸಬೇಕು. ದೂರುದಾರರಿಂದ ಮಾಹಿತಿ ಬರಬೇಕಾದಾಗ ಎಣಿಕೆಯನ್ನು ತಡೆಹಿಡಿಯುವುದು ನ್ಯಾಯ. ಸಾಮಗ್ರಿ ಬಂದಿಲ್ಲ, ಸಿಬ್ಬಂದಿ ರಜೆಯಲ್ಲಿದ್ದಾರೆ ಎಂಬ ಕಾರಣಕ್ಕೆ ತಡೆಹಿಡಿದರೆ ವಿಳಂಬವೇ ದಾಖಲೆಯಿಂದ ಮರೆಯಾಗುತ್ತದೆ.

4. ಎಚ್ಚರಿಕೆ ಗಡುವಿಗೆ ಮುನ್ನವೇ ಹೋಗಬೇಕು. ಅರ್ಧ ಅವಧಿ ಕಳೆದಾಗ ನೀರುಗಂಟಿಗೆ, ಮುಕ್ಕಾಲು ಕಳೆದಾಗ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ, ಮೀರಿದೊಡನೆ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗೆ ಸಂದೇಶ ತಲುಪುವಂತೆ ಕ್ರಮವಿಡಬಹುದು.

5. ದೂರುದಾರರು ಒಪ್ಪಿದ ಮೇಲೆಯೇ ಟಿಕೆಟ್ ಮುಕ್ತಾಯವಾಗಬೇಕು. ಗಡುವಿಗೆ ಅಂಜಿ ಕೆಲಸ ಮಾಡದೆಯೇ ಮುಕ್ತಾಯವೆಂದು ಗುರುತಿಸುವುದು ಈ ವ್ಯವಸ್ಥೆಯ ದೊಡ್ಡ ಅಪಾಯ. ಅಂತಹ ಟಿಕೆಟ್ ಮರಳಿ ತೆರೆದಾಗ ಹಳೆಯ ದಿನಾಂಕದಿಂದಲೇ ಎಣಿಕೆ ಮುಂದುವರಿಯಬೇಕು.

ಸದಸ್ಯರ ಪಾತ್ರ

ಪಾಲಿಸಲಾಗದಷ್ಟು ಕಿರಿದಾದ ಗಡುವು ಸುಳ್ಳು ದಾಖಲೆಗೆ ದಾರಿ; ಅತಿ ದೀರ್ಘವಾದುದು ಆಲಸ್ಯಕ್ಕೆ ಆಶ್ರಯ. ಆದ್ದರಿಂದ ಸಿಬ್ಬಂದಿಯ ಸಂಖ್ಯೆ, ಬಿಡಿಭಾಗಗಳ ಲಭ್ಯತೆಯನ್ನು ಅರಿತು ಗಡುವನ್ನು ನಿರ್ಣಯಿಸಿ, ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಗಡುವು ಮೀರಿದ ದೂರುಗಳ ಪಟ್ಟಿಯನ್ನು ಪ್ರತಿ ಸಭೆಯಲ್ಲೂ ಓದಿಸಬೇಕು. ಪದೇ ಪದೇ ಮೀರುತ್ತಿರುವ ವಿಭಾಗವು ಯಾರ ತಪ್ಪನ್ನೋ ಹುಡುಕುವುದಕ್ಕಿಂತ ಮೊದಲು, ಎಲ್ಲಿ ಹಣ ಮತ್ತು ಕೈಗಳು ಸಾಲುತ್ತಿಲ್ಲವೆಂಬುದನ್ನು ತೋರಿಸುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯತಿಯಲ್ಲಿ ರಜಾದಿನದಂದು ಬಂದ ನೀರಿನ ದೂರನ್ನು ಸ್ವೀಕರಿಸುವವರು ಯಾರು?
2. ಕಳೆದ ತಿಂಗಳು ಮುಕ್ತಾಯವೆಂದು ನಮೂದಾದ ಐದು ದೂರುಗಳ ಸ್ಥಳಕ್ಕೆ ಹೋಗಿ ನೋಡಿದರೆ ಕೆಲಸ ನಿಜಕ್ಕೂ ಮುಗಿದಿದೆಯೇ?