ಮಗ್ಗುಲು ಬದಲಾಯಿಸಿದರೆ ಮನೆ ತಿರುಗುವುದೇಕೆ?

ನಮ್ಮ ಕ್ಲಬ್ಬಿನ ಗೆಳೆಯನೊಬ್ಬನ ಅಜ್ಜಿ ಇರೋದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ. ಒಂದು ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದ್ದೇ ತಡ, ಇಡೀ ಮನೆ ಗಿರ್ರನೆ ತಿರುಗಿತಂತೆ. ಅರ್ಧ ನಿಮಿಷಕ್ಕೆ ನಿಂತಿತು. ಮತ್ತೆ ಹೊರಳಿದರೆ ಮತ್ತೆ ಅದೇ. ಮನೆಯವರು ಪಿತ್ತ ಅಂದರು, ನಿಂಬೆಹಣ್ಣಿನ ಪಾನಕ ಕೊಟ್ಟರು. ಆಮೇಲೆ ಬಿಪಿ ಅಂದರು, ವಾರಗಟ್ಟಲೆ ಮಾತ್ರೆ ನುಂಗಿಸಿದರು. ಬಿದ್ದುಬಿಡ್ತೀನಿ ಅನ್ನೋ ಭಯಕ್ಕೆ ಅಜ್ಜಿ ಹಿತ್ತಿಲಿಗೆ ಹೋಗೋದನ್ನೇ ಬಿಟ್ಟರು. ತೊಂದರೆ ಇದ್ದದ್ದು ಕಿವಿಯಲ್ಲಿ!

ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಹೆಚ್ಚುಕಡಿಮೆ ಒಂದಕ್ಕೊಂದು ಲಂಬವಾಗಿ. ನಮ್ಮ ಫೋನಿನ ಜೈರೋಸ್ಕೋಪ್ ಮೂರು ಅಕ್ಷಗಳಲ್ಲಿ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ತಲೆ ತಿರುಗಿಸಿದಾಗ ಒಳಗಿನ ದ್ರವ ಜಡತ್ವದಿಂದ ಹಿಂದುಳಿದು ಅಲ್ಲಿನ ಮೃದುವಾದ ಪರದೆಯನ್ನು ಬಾಗಿಸುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದಾಗಲೋ ತಲೆಗೆ ಪೆಟ್ಟು ಬಿದ್ದಾಗಲೋ ಕೆಲವು ಕಳಚಿ ನಾಳದೊಳಗೆ ಸೇರಿಕೊಳ್ಳುತ್ತವೆ. ಹೊರಳಿದಾಗ ಅವು ಗುರುತ್ವಕ್ಕೆ ಜಾರುತ್ತಾ ದ್ರವವನ್ನು ತಳ್ಳುತ್ತವೆ. ತಲೆ ನಿಂತಿದ್ದರೂ ಸೆನ್ಸರ್ ಮಾತ್ರ ‘ತಿರುಗ್ತಾ ಇದೀನಿ’ ಅನ್ನುತ್ತಿರುತ್ತದೆ.

ಜಾರಿ ಒಳಗೆ ಬಂದ ಹರಳನ್ನು ಜಾರಿಸಿಯೇ ಹೊರಗೆ ಕಳಿಸಬಹುದು. ಅಮೆರಿಕದ ವೈದ್ಯ ಜಾನ್ ಎಪ್ಲಿ ಈ ವಿಧಾನವನ್ನು 1992ರಲ್ಲಿ ವಿವರವಾಗಿ ಪ್ರಕಟಿಸಿದರು. ವೈದ್ಯರು ಮೊದಲು ತಲೆಯನ್ನು 45 ಡಿಗ್ರಿ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಅದುರುವುದನ್ನು ನೋಡಿ ಯಾವ ಕಿವಿ ಎಂದು ಗುರುತಿಸುತ್ತಾರೆ. ಆಮೇಲೆ ತಲೆಯನ್ನು ಇನ್ನೊಂದು ಕಡೆಗೆ 90 ಡಿಗ್ರಿ, ಮೈಸಮೇತ ಅದೇ ಕಡೆಗೆ ಮತ್ತೆ 90 ಡಿಗ್ರಿ ತಿರುಗಿಸಿ, ಪ್ರತಿ ಭಂಗಿಯಲ್ಲೂ ಸುಮಾರು ಅರ್ಧ ನಿಮಿಷ ತಡೆದು, ಎಬ್ಬಿಸಿ ಕೂರಿಸುತ್ತಾರೆ. ಹರಳು ಮರಳಿ ಚೀಲ ಸೇರುತ್ತದೆ. ಮಾತ್ರೆ ವಾಕರಿಕೆ ತಗ್ಗಿಸೀತು, ಹರಳನ್ನು ಕದಲಿಸದು. ಅಜ್ಜಿಗೆ ಎರಡು ಸಲಕ್ಕೆ ವಾಸಿಯಾಯಿತು, ಈಗ ಹಿತ್ತಿಲಲ್ಲೇ ಇರ್ತಾರೆ.

ವಿಡಿಯೊ ನೋಡಿ ಹಾಸ್ಟೆಲಲ್ಲಿ ಒಬ್ಬರ ಮೇಲೊಬ್ಬರು ಪ್ರಯೋಗ ಮಾಡಬೇಡಿ. ಕಿವಿ ತಪ್ಪಾದರೆ ಕೆಲಸವಾಗದು, ಕತ್ತಿನ ತೊಂದರೆ ಇದ್ದವರಿಗೆ ಅಪಾಯ. ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಸಮತೋಲನದ ಪರೀಕ್ಷೆಗಳಿವೆ.

ತಿಂಡಿ ಬಿಟ್ಟು ಲ್ಯಾಬಿನಲ್ಲಿ ನಿಂತಾಗ ನಮಗೆ ಬರೋದು ಸಾಮಾನ್ಯವಾಗಿ ಕಣ್ಣುಕತ್ತಲೆ, ಅದು ಬೇರೆ. ಹಾಗಾಗಿ ‘ತಲೆಸುತ್ತು’ ಅಂತಷ್ಟೇ ಹೇಳದೆ ಏನಾಗುತ್ತೆ, ಯಾವಾಗ, ಎಷ್ಟು ಹೊತ್ತು ಅನ್ನೋದನ್ನೂ ವೈದ್ಯರಿಗೆ ಹೇಳಿ. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆಯ ಕೈಕಾಲು ಸೋತರೆ, ನಿಲ್ಲೋಕೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ಪಾನಕ ಮಾಡ್ತಾ ಕೂರದೆ 108ಕ್ಕೆ ಫೋನ್ ಮಾಡಿ.