ದುರ್ಗಮ ಹಾದಿಯ ವಾಹನಗಳು: ಟೈರಿಗೆ ಟ್ಯೂಬ್ ಬೇಕೇ, ಬೇಡವೇ?

ನಗರದ ಡಾಂಬರು ರಸ್ತೆಯಲ್ಲಿ ಟೈರು ಪಂಕ್ಚರಾದರೆ ಅದು ಅರ್ಧ ಗಂಟೆಯ ತೊಂದರೆ ಮಾತ್ರ. ಆದರೆ ಮನಾಲಿಯಿಂದ ಲೇಹ್‌ಗೆ ಸಾಗುವ ಪರ್ವತ ಮಾರ್ಗದಲ್ಲಿಯೋ ರಾಜಸ್ಥಾನದ ಮರಳು ದಿಬ್ಬಗಳ ನಡುವೆಯೋ ಇದೇ ಪ್ರಸಂಗ ಒದಗಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಇಂತಹ ಹಾದಿಗಳಲ್ಲಿ ಜೀಪು ಅಥವಾ ಮೋಟಾರ್ ಸೈಕಲ್ ನಡೆಸುವವರು ಟ್ಯೂಬ್ ಇರುವ ಟೈರನ್ನು ಆಯ್ದುಕೊಳ್ಳಬೇಕೋ ಟ್ಯೂಬ್‌ಲೆಸ್ ಟೈರನ್ನೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೊಸದೇ ಮೇಲೆಂಬ ಸುಲಭದ ಉತ್ತರ ಇಲ್ಲಿ ಸಲ್ಲದು. ಗಾಲಿಯ ರಚನೆ ಮತ್ತು ಸಾಗಬೇಕಾದ ನೆಲ, ಇವೆರಡೂ ಸೇರಿ ಉತ್ತರವನ್ನು ನಿರ್ಧರಿಸುತ್ತವೆ.

ಎರಡರ ರಚನೆ

ಟ್ಯೂಬ್ ಇರುವ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಟ್ಯೂಬ್. ಟೈರು ಅದರ ರಕ್ಷಾಕವಚ. ಟ್ಯೂಬ್‌ಲೆಸ್ ಟೈರಿನಲ್ಲಾದರೋ ಗಾಳಿ ಸೋರದಂತೆ ತಡೆಯುವ ರಬ್ಬರಿನ ಪದರವೊಂದು ಟೈರಿನ ಒಳಮೈಗೇ ಅಂಟಿಕೊಂಡಿರುತ್ತದೆ. ಟೈರಿನ ಅಂಚು, ಅಂದರೆ ಬೀಡ್, ಲೋಹದ ರಿಮ್ಮಿಗೆ ಬಿಗಿಯಾಗಿ ಒತ್ತಿಕೊಂಡು ಗಾಳಿಯನ್ನು ಬಂಧಿಸುತ್ತದೆ.

ಮೊಳೆ ಚುಚ್ಚಿದಾಗ ಇವೆರಡರ ವರ್ತನೆ ಬೇರೆಬೇರೆ. ಟ್ಯೂಬ್ ತೂತಾದರೆ ಗಾಳಿಯು ಟೈರು ಮತ್ತು ಟ್ಯೂಬಿನ ನಡುವಣ ಸಂದಿನಿಂದ ಹಾಗೂ ವಾಲ್ವಿನ ರಂಧ್ರದಿಂದ ಬೇಗನೆ ಹೊರಟುಹೋಗುತ್ತದೆ. ಇಳಿಜಾರಿನ ತಿರುವಿನಲ್ಲಿ ಇದು ಅಪಾಯಕಾರಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ತೂತಿಗೆ ಬಿರಡೆಯಂತಾಗಿ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತದೆ. ಗಾಲಿಯನ್ನು ಕಳಚದೆಯೇ ರಬ್ಬರಿನ ಬತ್ತಿ ತೂರಿಸಿ ತಾತ್ಕಾಲಿಕ ದುರಸ್ತಿ ಮಾಡಲೂ ಸಾಧ್ಯ.

ರಿಮ್ಮನ್ನು ಗಮನಿಸಿರಿ

ಇಷ್ಟೆಲ್ಲ ಅನುಕೂಲವಿದ್ದರೂ ಟ್ಯೂಬ್‌ಲೆಸ್ ಟೈರು ಎಲ್ಲ ಗಾಲಿಗಳಿಗೂ ಒಗ್ಗುವುದಿಲ್ಲ. ಕಡ್ಡಿಗಳಿರುವ ಸಾಧಾರಣ ಸ್ಪೋಕ್ ಗಾಲಿಯಲ್ಲಿ ಪ್ರತಿಯೊಂದು ಕಡ್ಡಿಗೂ ರಿಮ್ಮಿನಲ್ಲಿ ಒಂದು ರಂಧ್ರವಿರುವುದರಿಂದ ಅಲ್ಲೆಲ್ಲ ಗಾಳಿ ಸೋರುತ್ತದೆ. ಆದುದರಿಂದ ಟ್ಯೂಬ್ ಅನಿವಾರ್ಯ. ಕಡ್ಡಿಗಳನ್ನು ರಿಮ್ಮಿನ ಅಂಚಿಗೆ ಜೋಡಿಸಿದ ಅಥವಾ ರಂಧ್ರಗಳನ್ನು ಕಾರ್ಖಾನೆಯಲ್ಲಿಯೇ ಮುಚ್ಚಿದ ವಿಶೇಷ ಗಾಲಿಗಳು ಇದಕ್ಕೆ ಅಪವಾದ. ಹಳೆಯ ಸೇನಾ ಜೀಪುಗಳಲ್ಲಿರುವಂತೆ ಎರಡು ಭಾಗಗಳನ್ನು ಬೋಲ್ಟಿನಿಂದ ಬಿಗಿದ ರಿಮ್ಮುಗಳಿಗೂ ಟ್ಯೂಬ್ ಬೇಕು. ಇಂತಹ ರಿಮ್ಮಿನ ಬೋಲ್ಟುಗಳನ್ನು ಗಾಳಿ ಪೂರ್ತಿ ತೆಗೆಯುವ ಮುನ್ನ ಸಡಿಲಿಸಕೂಡದು. ಭಾಗಗಳು ಸಿಡಿದು ಮಾರಣಾಂತಿಕ ಗಾಯವಾದೀತು.

ಒತ್ತಡ ಇಳಿಸಿದಾಗ

ಮರಳಿನಲ್ಲಿ ಗಾಲಿ ಹೂತುಹೋಗದಿರಲೆಂದು ಚಾಲಕರು ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ ಸುಮಾರು 30 ಪೌಂಡಿನಿಂದ 15 ರಿಂದ 18 ಪೌಂಡಿಗೆ ಇಳಿಸುವುದುಂಟು. ಆಗ ಟೈರು ಅಗಲವಾಗಿ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ಆದರೆ ಟ್ಯೂಬ್‌ಲೆಸ್ ಟೈರಿನ ಬೀಡನ್ನು ರಿಮ್ಮಿಗೆ ಒತ್ತಿಹಿಡಿಯುವುದು ಈ ಒತ್ತಡವೇ. ಅದು ತಗ್ಗಿದಾಗ ಥಟ್ಟನೆ ತಿರುಗಿಸಿದರೆ ಬೀಡ್ ಕಳಚಿಕೊಂಡು ಗಾಳಿಯೆಲ್ಲ ಒಮ್ಮೆಲೇ ಹೋಗಬಹುದು. ಕಲ್ಲಿನ ಪೆಟ್ಟಿಗೆ ರಿಮ್ಮಿನ ಅಂಚು ನಗ್ಗಿದರೂ ಸೋರಿಕೆ ತಪ್ಪದು.

ಟ್ಯೂಬ್ ಇಂತಹ ಸೋರಿಕೆಯನ್ನು ತಡೆಯುತ್ತದೆ. ಆದರೂ ಅದು ಸಂಪೂರ್ಣ ನಿರಪಾಯಕಾರಿಯಲ್ಲ. ಒತ್ತಡ ಕಡಿಮೆಯಿರುವಾಗ ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ಕಡೆ ಸೀಳುತ್ತದೆ. ಟೈರು ರಿಮ್ಮಿನ ಮೇಲೆ ಜಾರಿದರೆ ಟ್ಯೂಬನ್ನೂ ಎಳೆದೊಯ್ದು ವಾಲ್ವನ್ನೇ ಕಿತ್ತುಹಾಕುತ್ತದೆ. ಯಾವ ಬಗೆಯ ಟೈರಾದರೂ ಒತ್ತಡ ಇಳಿಸಿದ ಮೇಲೆ ವೇಗವನ್ನು ತಗ್ಗಿಸುವುದು, ಗಟ್ಟಿ ರಸ್ತೆ ಸೇರಿದೊಡನೆ ಗಾಳಿಯನ್ನು ಮತ್ತೆ ತುಂಬುವುದು ಕಡ್ಡಾಯವೆಂದು ಭಾವಿಸಬೇಕು.

ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್

ಪಕ್ಕೆ ಸೀಳಿದ ಟ್ಯೂಬ್‌ಲೆಸ್ ಟೈರಿಗೆ ಬತ್ತಿಯ ದುರಸ್ತಿ ಸಾಲದು. ಅಂತಹ ಸಂಕಟದಲ್ಲಿ ಸೀಳಿಗೆ ಒಳಗಿನಿಂದ ದಪ್ಪ ತೇಪೆಯಿಟ್ಟು ಟ್ಯೂಬ್ ಹಾಕಿ ನಿಧಾನವಾಗಿ ಊರು ಸೇರಬಹುದು. ಇದನ್ನೇ ಶಾಶ್ವತ ಪರಿಹಾರವೆಂದು ಬಗೆಯುವುದು ತಪ್ಪು. ಟೈರಿನ ಒಳಮೈಯ ಉಬ್ಬುಗೆರೆಗಳಿಗೆ ಟ್ಯೂಬ್ ಉಜ್ಜಿ ಸವೆಯುತ್ತದೆ. ತಿಕ್ಕಾಟದಿಂದ ಶಾಖವೂ ಹೆಚ್ಚುತ್ತದೆ.

ಸ್ಟೆಪ್ನಿಯ ವಿಚಾರ

2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 3.5 ಟನ್ನಿನವರೆಗಿನ ವಾಹನದಲ್ಲಿ ಟ್ಯೂಬ್‌ಲೆಸ್ ಟೈರು, ದುರಸ್ತಿ ಸಾಮಗ್ರಿ ಮತ್ತು ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಇದ್ದರೆ ಹೆಚ್ಚುವರಿ ಟೈರು ಇರಲೇಬೇಕೆಂಬ ಕಡ್ಡಾಯವಿಲ್ಲ. ಇದು ಕಾನೂನು ನೀಡಿದ ವಿನಾಯಿತಿ. ಕಲ್ಲುಹಾದಿ ಅಂತಹ ವಿನಾಯಿತಿಯನ್ನು ನೀಡುವುದಿಲ್ಲ. ಬತ್ತಿಗೆ ಬಗ್ಗದ ಸೀಳಿಗೆ ಸ್ಟೆಪ್ನಿಯೇ ಗತಿ.

ಸಾರಾಂಶವಿಷ್ಟು: ಸಾಧಾರಣ ಸ್ಪೋಕ್ ಗಾಲಿಗೆ ಹಾಗೂ ಎರಡು ಭಾಗಗಳ ರಿಮ್ಮಿಗೆ ಟ್ಯೂಬ್, ಅದಕ್ಕೆಂದೇ ರೂಪಿಸಿದ ಅಖಂಡ ರಿಮ್ಮಿಗೆ ಟ್ಯೂಬ್‌ಲೆಸ್. ಹೊರಡುವ ಮುನ್ನ ಟೈರಿನ ಪಕ್ಕೆಯ ಬರಹವನ್ನೂ ವಾಹನದ ಕೈಪಿಡಿಯನ್ನೂ ಓದಿಕೊಳ್ಳಬೇಕು. ಒತ್ತಡಮಾಪಕ, ಗಾಳಿಯ ಪಂಪು, ದುರಸ್ತಿ ಸಾಮಗ್ರಿ ಮತ್ತು ಟೈರಿನ ಅಳತೆಗೆ ಹೊಂದುವ ಒಂದು ಟ್ಯೂಬ್ ಜೊತೆಗಿರಲಿ. ಅವುಗಳ ಬಳಕೆಯನ್ನು ಮನೆಯ ಅಂಗಳದಲ್ಲಿಯೇ ಒಮ್ಮೆ ಅಭ್ಯಾಸ ಮಾಡಿಕೊಂಡವರಿಗೆ ನಿರ್ಜನ ಹಾದಿಯಲ್ಲಿ ಕೈ ನಡುಗುವುದಿಲ್ಲ.